ನಮ್ಮೂರ ಶಾಲೆಯ ಹಂಚಿನ ಕಟ್ಟಡ ಕೆಡವ್ಬೇಕಾ, ರಿಪೇರಿ ಆಗತ್ತಾ? ಗೊತ್ತಿರೋರು ದಯವಿಟ್ಟು ಹೇಳಿ

ಜಗಲಿಕಟ್ಟೆ:
ಎಲ್ಲರಿಗೂ ನಮಸ್ಕಾರ. ಸಾಗರ ತಾಲೂಕಿನ ಒಂದು ಸಣ್ಣ ಊರು ನಮ್ದು. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಜಂಬಿಟ್ಟಿಗೆ ಕಲ್ಲಿನ ಗೋಡೆ, ಮಂಗಳೂರು ಹಂಚು, ಉದ್ದಕ್ಕೆ 4 ರೂಮು, ಮುಂದೆ ಉದ್ದದ ಜಗಲಿ. ಬಾಗಿಲ ಮೇಲೆ ಗಾರೆಯಲ್ಲೇ 1936 ಅಂತ ಬರ್ದಿದೆ. ನಮ್ಮಪ್ಪ ಓದಿದ್ದು ಅಲ್ಲೇ, ನಾನೂ ಅಲ್ಲೇ, ಈಗ ನನ್ನ ಮಗಳು 3ನೇ ಕ್ಲಾಸು. ನಾನು ಈ ವರ್ಷ ಎಸ್‌ಡಿಎಂಸಿಯಲ್ಲೂ (ಶಾಲೆಯ ಉಸ್ತುವಾರಿ ಸಮಿತಿ) ಇದೀನಿ.

ಈಗ ಸಮಸ್ಯೆ ಏನಂದ್ರೆ ಗೋಡೆ ನೆಲದಿಂದ ಮೂರಡಿವರೆಗೆ ಪೂರ್ತಿ ಒದ್ದೆ, ಬಣ್ಣ ಹಪ್ಪಳ ಎದ್ದ ಹಾಗೆ ಎದ್ದು ಉದುರತ್ತೆ, ಕೈ ಇಟ್ರೆ ಬಿಳಿ ಹುಡಿ ಅಂಟ್ಕೊಳತ್ತೆ. ಐದು ವರ್ಷದ ಹಿಂದೆ ಇದೇ ಕಾರಣಕ್ಕೆ ಹಳೆ ಗಾರೆ ಕೆತ್ತಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಆಯಿಲ್ ಪೇಂಟ್ ಹೊಡೆಸಿದ್ರು, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ರು, ಒಂದೇ ಮಳೆಗಾಲಕ್ಕೆ ಮತ್ತೆ ಹಾಗೇ ಆಯ್ತು. ಎರಡು ರೂಮಲ್ಲಿ ಮಾಡು (ಹಂಚಿನ ಚಾವಣಿ) ಸ್ವಲ್ಪ ಕುಗ್ಗಿದೆ. ಕೊನೇ ರೂಮಿನ ಕಿಟಕಿ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಒಂದು ಬಿರುಕು ಬಿಟ್ಟಿದೆ.

ಇಂಜಿನಿಯರ್ ಒಬ್ರು ಬಂದು ಹತ್ತು ನಿಮಿಷ ನೋಡಿ ಶಿಥಿಲ ಅಂತ ಬಾಯಲ್ಲೇ ಹೇಳಿ ಹೋದ್ರು, ಬರ್ದು ಏನೂ ಕೊಟ್ಟಿಲ್ಲ. ಹಳೇ ವಿದ್ಯಾರ್ಥಿಗಳು ಸೇರಿ ಸುಮಾರು 6 ಲಕ್ಷ ಕೂಡಿಸಿದ್ದಾರೆ. ಊರಲ್ಲಿ ಈಗ ಎರಡು ಮಾತು ನಡೀತಿದೆ, ಒಂದು ಪೂರ್ತಿ ಕೆಡವಿ 2 ಆರ್‌ಸಿಸಿ ರೂಮು ಕಟ್ಟೋದು, ಇನ್ನೊಂದು ಗೋಡೆ ಹಾಗೇ ಇಟ್ಟು ಹಂಚು ತೆಗ್ದು ಮೇಲೆ ಸ್ಲ್ಯಾಬ್ ಹಾಕೋದು. 4 ರೂಮು ಕೆಡವಿ 2 ರೂಮು ಕಟ್ಟೋದು ನನ್ನ ಮನಸ್ಸಿಗೆ ಒಪ್ಪಲ್ಲ, ಆದ್ರೆ 62 ಮಕ್ಕಳು ಕೂರೋ ಜಾಗ, ನನ್ನ ಮನಸ್ಸು ಒಪ್ಪಲ್ಲ ಅಂತ ಅಪಾಯ ಮೈಮೇಲೆ ಎಳ್ಕೊಳ್ಳೋಕೂ ಆಗಲ್ಲ. ಇಂಥ ಕೆಲಸ ಮಾಡಿದೋರು, ನೋಡಿದೋರು ಯಾರಾದ್ರೂ ಇದ್ರೆ ದಾರಿ ಹೇಳಿ.

ಕಡಲತಡಿ:
ಕುಂದಾಪುರ ಕಡೆ ಹಳೆ ಮನೆ, ದೇವಸ್ಥಾನದ ಚಂದ್ರಶಾಲೆ, ಶಾಲೆ ರಿಪೇರಿ ಮಾಡೋದೇ ನನ್ನ ಕೆಲಸ, 22 ವರ್ಷ ಆಯ್ತು. ನೀವು ಬರ್ದಿದ್ರಲ್ಲಿ ಉತ್ತರ ನೀವೇ ಬರ್ದಿದೀರಿ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದು ಮತ್ತು ಸಿಮೆಂಟ್ ಪ್ಲಾಸ್ಟರ್ ಮೇಲೆ ಆಯಿಲ್ ಪೇಂಟ್ ಹೊಡೆಸಿದ್ದು.

ನೋಡಿ, ಕೆಂಪುಕಲ್ಲು (ನಿಮ್ಮ ಕಡೆ ಜಂಬಿಟ್ಟಿಗೆ ಅಂತೀರಿ, ಶಿರಸಿ ಕಡೆ ಚಿರೆಕಲ್ಲು, ಎಲ್ಲಾ ಒಂದೇ) ತೂತು ತೂತಿನ ಕಲ್ಲು. ನೆಲದಿಂದ ನೀರು ಕುಡಿಯತ್ತೆ, ಹಾಗೇ ಗಾಳಿಗೆ ಬಿಟ್ಟೂ ಬಿಡತ್ತೆ. ಹಳಬರು ಸುಣ್ಣದ ಗಾರೆ ಹಾಕ್ತಿದ್ದದ್ದು ಅದಕ್ಕೇ, ಸುಣ್ಣ ಒಳಗಿನ ತೇವ ಹೊರಗೆ ಬಿಡತ್ತೆ. ನೀವು ಎರಡೂ ಕಡೆ ಸಿಮೆಂಟು ಬಳಿದು ಅದರ ಮೇಲೆ ಆಯಿಲ್ ಪೇಂಟು ಹೊಡೆದ್ರೆ ಆ ನೀರು ಎಲ್ಲಿಗೆ ಹೋಗ್ಬೇಕು? ಒಳಗೇ ಮೇಲಕ್ಕೆ ಏರತ್ತೆ, ಜೊತೆಗೆ ಮಣ್ಣಿನ ಉಪ್ಪನ್ನೂ ಒಯ್ಯತ್ತೆ, ಕೊನೆಗೆ ಪೇಂಟನ್ನ ತಳ್ಳಿ ಹೊರಗೆ ಬರತ್ತೆ. ನಿಮ್ಮ ಕೈಗೆ ಅಂಟಿದ ಬಿಳಿ ಹುಡಿ ಆ ಉಪ್ಪು.

ಈಗ ಒಂದು ಕೆಲಸ ಮಾಡಿ. ಗೋಡೆ ಪಕ್ಕದಲ್ಲಿ ಎರಡು ಇಂಟರ್‌ಲಾಕ್ ಕಲ್ಲು ಕಿತ್ತು ಅಗೆದು ನೋಡಿ, ಹಳೇ ಪಂಚಾಂಗದ (ಗೋಡೆ ಕೂತಿರೋ ಕಲ್ಲಿನ ತಳಕಟ್ಟು) ಅಂಚು ಎಷ್ಟು ಕೆಳಗಿದೆ ಅಂತ. ಅಂಗಳ ಎತ್ತರ ಆಗಿ ಪಂಚಾಂಗ ಹೂತು ಹೋಗಿದ್ರೆ ಸೂರಿನ ನೀರು ನೇರ ಗೋಡೆಗೇ ಸಿಡೀತಿರತ್ತೆ. ಮೊದಲೆಲ್ಲಾ ಸೂರಿನ ನೀರು ಬೀಳೋ ಜಾಗದಲ್ಲಿ ಒಂದು ಸಣ್ಣ ಕಾಲುವೆ ಇರ್ತಿತ್ತು, ಮಕ್ಕಳು ಕಾಗದದ ದೋಣಿ ಬಿಡ್ತಿದ್ರಲ್ಲ, ಅದೇ. ಇಂಟರ್‌ಲಾಕ್ ಹಾಕೋವಾಗ ಎಲ್ರೂ ಮೊದಲು ಮುಚ್ಚೋದು ಅದನ್ನೇ.

ಲೆಕ್ಕದ_ಗೋಡೆ:
ನಾನು ಸ್ಟ್ರಕ್ಚರಲ್ ಇಂಜಿನಿಯರ್, ಶಿವಮೊಗ್ಗದಲ್ಲಿ ಪ್ರಾಕ್ಟೀಸು. ಕಣ್ಣಲ್ಲಿ ನೋಡದೆ ಕಟ್ಟಡ ಗಟ್ಟಿ ಇದೆ ಅಂತ ನಾನಂತೂ ಹೇಳಲ್ಲ, ಯಾರಾದ್ರೂ ಫೋಟೋ ನೋಡಿ ಹೇಳಿದ್ರೆ ನೀವೂ ನಂಬ್ಬೇಡಿ. ಆದ್ರೆ ಒಂದು ವಿಷಯ ಮಾತ್ರ ಈಗ್ಲೇ ಗಟ್ಟಿಯಾಗಿ ಹೇಳ್ತೀನಿ, ಆ ಗೋಡೆ ಮೇಲೆ ಸ್ಲ್ಯಾಬ್ ಹಾಕೋ ಯೋಚನೆ ಇವತ್ತೇ ಬಿಟ್ಬಿಡಿ.

ಲೆಕ್ಕ ಹೀಗೆ. ನಿಮ್ಮ ರೂಮು 20 ಅಡಿಗೆ 18 ಅಡಿ ಅಂತಿಟ್ಕೊಳ್ಳಿ, 360 ಚದರಡಿ, ಅಂದ್ರೆ ಸುಮಾರು 33 ಚದರ ಮೀಟರ್. ಹಂಚು ಚದರ ಮೀಟರಿಗೆ ಸುಮಾರು 15 ಹಿಡಿಯತ್ತೆ, ಒಂದೊಂದು ಎರಡೂವರೆಯಿಂದ ಮೂರು ಕೆಜಿ. ಇಳಿಜಾರು ಇರೋದ್ರಿಂದ ಮಾಡಿನ ವಿಸ್ತೀರ್ಣ 40 ಚದರ ಮೀಟರ್ ಆಗತ್ತೆ ಅಂದ್ರೂ 600 ಹಂಚು, ಮರಾನೂ ಸೇರಿಸಿದ್ರೆ ಎಲ್ಲಾ ಕೂಡಿ ಎರಡೂವರೆ ಟನ್ ಹತ್ತಿರ. ಅದೇ ರೂಮಿಗೆ 4 ಇಂಚಿನ ಸ್ಲ್ಯಾಬ್ ಹಾಕಿದ್ರೆ ಚದರ ಮೀಟರಿಗೆ 250 ಕೆಜಿ, ಅಂದ್ರೆ 8 ಟನ್ ದಾಟತ್ತೆ, ಅದರ ಮೇಲಿನ ವಾಟರ್‌ಪ್ರೂಫಿಂಗು, ನಿಂತ ನೀರು ಬೇರೆ. ಮೂರು ಪಟ್ಟಿಗಿಂತ ಜಾಸ್ತಿ ಭಾರ, ಅದೂ ತಳದಲ್ಲಿ ನೀರು ಕುಡಿದು ಕೂತಿರೋ ಗೋಡೆ ಮೇಲೆ, ಹಂಚಿಗೆ ಅಂತ ಹಾಕಿದ ಅಡಿಪಾಯದ ಮೇಲೆ. ಗೋಡೆ ತಡೀಬಹುದು, ತಡೀದೇನೂ ಇರಬಹುದು, ಆದ್ರೆ ಮಕ್ಕಳನ್ನ ಕೂರಿಸಿ ಆ ಪರೀಕ್ಷೆ ಮಾಡೋದು ಬೇಡ.

ಇನ್ನು ಮಲೆನಾಡಲ್ಲಿ ಫ್ಲಾಟ್ ಸ್ಲ್ಯಾಬು. ನಿಮ್ಮೂರ ಸುತ್ತ ಒಂದು ರೌಂಡ್ ಹೋಗಿ ಆರ್‌ಸಿಸಿ ಕಟ್ಟಡಗಳನ್ನ ನೋಡ್ಕೊಂಡು ಬನ್ನಿ, ಹತ್ತು ವರ್ಷ ಕಳೆದಿದ್ದಕ್ಕೆಲ್ಲಾ ಮೇಲೊಂದು ಶೀಟಿನ ಮಾಡು ಎಬ್ಬಿಸಿರ್ತಾರೆ. ಒಂದು ಕಟ್ಟಡಕ್ಕೆ ಎರಡು ಮಾಡಿನ ಖರ್ಚು. ಇಳಿಜಾರಿನ ಮಾಡು ಈ ಮಳೆಗೆ ಅಂತಾನೇ ಹುಟ್ಟಿದ್ದು, ಅದನ್ನ ಕಿತ್ತು ನೀರು ನಿಲ್ಲೋ ಮಾಡು ಹಾಕೋದು ಯಾವ ಲೆಕ್ಕದಲ್ಲೂ ಕೂರಲ್ಲ.

ಬಿರುಕಿನ ವಿಷಯ. ಕಿಟಕಿ ಮೂಲೆಯಿಂದ ಓರೆಯಾಗಿ ಹೋಗಿದೆ ಅಂದ್ರೆ ಒಂದೋ ಕಿಟಕಿ ಮೇಲಿನ ಮರದ ಹಲಗೆ ಕುಂಬಾಗಿದೆ (ಕೊಳೆತು ಮೆತ್ತಗಾಗಿದೆ), ಇಲ್ಲಾ ಆ ಮೂಲೆಯ ಅಡಿಪಾಯ ಸ್ವಲ್ಪ ಕೂತಿದೆ. ಅದು ಹಳೇ ಬಿರುಕಾ, ಈಗ್ಲೂ ಬೆಳೀತಿದೆಯಾ ಅಂತ ತಿಳಿಯೋಕೆ ಸುಲಭದ ದಾರಿ ಇದೆ, ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಎರಡೂ ಕಡೆ ಗಟ್ಟಿಯಾಗಿ ಅಂಟಿಸಿ ಪಕ್ಕದಲ್ಲಿ ತಾರೀಕು ಬರೀರಿ, ಬಿರುಕಿನ ಎರಡೂ ತುದಿಗೆ ಪೆನ್ಸಿಲಲ್ಲಿ ಗೆರೆ ಹಾಕಿ. ಗಾಜು ಒಡೆದ್ರೆ ಗೋಡೆ ಇನ್ನೂ ಅಲುಗಾಡ್ತಿದೆ ಅಂತ ಅರ್ಥ. ಒಡೀಲಿಲ್ಲ ಅಂತ ಮಾತ್ರ ನಿಶ್ಚಿಂತೆ ಬೇಡ, ಒಂದು ಪೂರ್ತಿ ಮಳೆಗಾಲ ನೋಡ್ಬೇಕು. ಅಲ್ಲಿವರೆಗೆ ಕೊನೇ ರೂಮಿಗೆ ಬೀಗ ಹಾಕಿ, ಮಾಡಿಗೆ ಕೆಳಗಿಂದ ಆಧಾರ ಕೊಡಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದಾಗ 4 ಜನ ಹೋದ್ರು, ಅದನ್ನ ನೆನೆಸ್ಕೊಂಡ್ರೆ ಒಂದು ರೂಮು ಖಾಲಿ ಬಿಡೋದು ದೊಡ್ಡ ವಿಷಯ ಅಲ್ಲ.

ಬಿಳಿಚಾಕು_ಕರಿಹಲಗೆ:
ನಾನು 34 ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ಮುಖ್ಯ ಶಿಕ್ಷಕಿಯಾಗಿ ನಿವೃತ್ತಿಯಾದವಳು. ಕಟ್ಟಡದ ಲೆಕ್ಕ ನನಗೆ ತಿಳಿಯಲ್ಲ, ಆದ್ರೆ ಒಳಗೆ ನಿಂತು ಪಾಠ ಮಾಡೋಳ ಕಷ್ಟ ತಿಳಿಯತ್ತೆ.

ಮೊದಲು ಹೇಳೋದು, ಹಂಚು ಬೇಡ ಅಂತ ಶೀಟು ಹಾಕಿಸೋಕೆ ಯಾರಾದ್ರೂ ಹೇಳಿದ್ರೆ ದಯವಿಟ್ಟು ಒಪ್ಪಬೇಡಿ ತಮ್ಮಾ. ನಾನಿದ್ದ ಒಂದು ಶಾಲೆಯಲ್ಲಿ ಹಂಚು ತೆಗೆದು ಶೀಟು ಹಾಕಿದ್ರು. ಜೂನ್ ಬಂದ್ಮೇಲೆ ಮಳೆ ಹೊಡ್ತಕ್ಕೆ ನನ್ನ ದನಿ ನನಗೇ ಕೇಳ್ತಿರಲಿಲ್ಲ, ಮುಂದಿನ ಸಾಲಿನ ಮಕ್ಕಳು ಕೂಡ ನನ್ನ ತುಟಿ ನೋಡ್ತಾ ಕೂತಿರೋವು. ಮೂರು ತಿಂಗಳು ಬರೀ ಹಲಗೆ ಮೇಲೆ ಬರೆದು ಬರೆದು ಪಾಠ ಮುಗಿಸಿದೀನಿ. ಮಾರ್ಚಲ್ಲಿ ಅದೇ ಶೀಟು ಕಾದು ಮಧ್ಯಾಹ್ನ ಊಟ ಆದ್ಮೇಲೆ ಪುಟ್ಟ ಮಕ್ಕಳು ಬೆವೆತು ಅಲ್ಲೇ ಒರಗ್ತಿದ್ವು.

ಹಂಚಿನ ಕಟ್ಟಡದಲ್ಲೂ ಕಷ್ಟ ಇಲ್ಲ ಅಂತಲ್ಲ. ಈ ಹಳೇ ಶಾಲೆಗಳಲ್ಲಿ ರೂಮಿನ ನಡುವಿನ ಗೋಡೆ ಹಂಚಿನವರೆಗೆ ಹೋಗಿರಲ್ಲ, ಮೇಲೆ ತ್ರಿಕೋನದ ಜಾಗ ಖಾಲಿ. 4ನೇ ಕ್ಲಾಸಿನ ಮಗ್ಗಿ 5ನೇ ಕ್ಲಾಸಲ್ಲಿ ಕೇಳತ್ತೆ. ಅದನ್ನ ಹಗುರದ ಹಲಗೆಯಲ್ಲೋ ಬಿದಿರಿನ ಚಾಪೆ ಎರಡು ಪದರ ಹೊಡೆದೋ ಮುಚ್ಚಿಸಿ, ಕಡಿಮೆ ಖರ್ಚು. ಇನ್ನೊಂದು ಬೆಳಕು. ಮಳೆಗಾಲದಲ್ಲಿ ಕರೆಂಟು ಇರಲ್ಲ, ರೂಮಲ್ಲಿ ಅಕ್ಷರ ಕಾಣಲ್ಲ. ರೂಮಿಗೆ ಐದಾರು ಗಾಜಿನ ಹಂಚು ಹಾಕಿಸಿ, ಆದ್ರೆ ಕರಿಹಲಗೆ ಮೇಲೆ ನೇರ ಬಿಸಿಲು ಬೀಳೋ ಕಡೆ ಹಾಕಿಸಬೇಡಿ, ಹೊಳಪಿಗೆ ಏನೂ ಕಾಣಲ್ಲ. ಮಕ್ಕಳು ಕೂತಾಗ ಕಿಟಕಿ ಬೆಳಕು ಎಡಗಡೆಯಿಂದ ಬರೋ ಹಾಗೆ ಹಲಗೆ ಯಾವ ಗೋಡೆಗೆ ಅಂತ ಮೊದಲೇ ತೀರ್ಮಾನಿಸಿ, ಬರೆಯೋ ಕೈಯ ನೆರಳು ಪುಸ್ತಕದ ಮೇಲೆ ಬೀಳಬಾರದು.

ಮತ್ತೆ ಶೌಚಾಲಯ. 6 ಲಕ್ಷದ ಬಗ್ಗೆ ಇಷ್ಟುದ್ದ ಬರೆದ್ರಿ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರತ್ತಾ ಇಲ್ವಾ ಅಂತ ಬರೀಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ, ಹೆಣ್ಣು ಗಂಡು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯೋ ನೀರು, ಅಡ್ಡಿ ಇಲ್ಲದೆ ಒಳಗೆ ಬರೋ ದಾರಿ, ಒಬ್ಬ ಶಿಕ್ಷಕರಿಗೆ ಒಂದು ಕೋಣೆ. 4 ರೂಮು ಕೆಡವಿ 2 ಮಾಡಿದ್ರೆ ಒಂದು ಕೋಣೆಯಲ್ಲಿ ಎರಡು ಕ್ಲಾಸು ಕೂರಿಸೋಳು ಯಾರೋ ನನ್ನಂಥ ಟೀಚರ್ರೇ. ರ‍್ಯಾಂಪ್ ಕೂಡ ಸುಮ್ಮನೆ ಇಳಿಜಾರಿಗೆ ಸಿಮೆಂಟು ಸುರಿದದ್ದು ಮಾಡಿಸಬೇಡಿ, 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಜಗಲಿ ಒಂದೂವರೆ ಅಡಿ ಇದ್ರೆ 18 ಅಡಿ. ನನ್ನ ಕ್ಲಾಸಲ್ಲಿ ಗಾಲಿಕುರ್ಚಿಯ ಹುಡುಗ ಒಬ್ಬ ಇದ್ದ, ನಮ್ಮ ಶಾಲೆಯ ರ‍್ಯಾಂಪು ಎಷ್ಟು ಕಡಿದಾಗಿತ್ತು ಅಂದ್ರೆ ನಾಲ್ಕು ವರ್ಷವೂ ದಿನಾ ಅವನ ಗೆಳೆಯರು ಎತ್ಕೊಂಡೇ ಒಳಗೆ ಬಂದ್ರು.

ಜಗಲಿಕಟ್ಟೆ:
ಮೇಡಂ, ಶೌಚಾಲಯಕ್ಕೆ ಟ್ಯಾಂಕಿದೆ, ಪೈಪು ಒಡೆದು ಒಂದು ವರ್ಷ ಆಯ್ತು, ಮಕ್ಕಳು ಬಕೆಟಲ್ಲಿ ಒಯ್ತಾರೆ. ನಾನು ಅದನ್ನ ಬರೀಬೇಕಿತ್ತು. ಈ ವಾರವೇ ಸರಿ ಮಾಡಿಸ್ತೀವಿ, ಅದಕ್ಕೆ ಯಾವ ಮಂಜೂರಿಗೂ ಕಾಯೋದು ಬೇಡ.

ಕಡಲತಡಿ ಅಣ್ಣ ಹೇಳಿದ ಹಾಗೆ ಭಾನುವಾರ ನಾಲ್ಕು ಜನ ಸೇರಿ ಇಂಟರ್‌ಲಾಕ್ ಕಿತ್ತು ಅಗೆದ್ವಿ. 9 ಇಂಚು ಕೆಳಗೆ ಕರಿಕಲ್ಲಿನ ಪಂಚಾಂಗದ ಅಂಚು ಸಿಕ್ತು, ಅದರ ಹೊರಗೆ ಒಂದಡಿ ಅಗಲದ ಕಲ್ಲು ಹಾಸಿದ ಕಾಲುವೆ, ಪೂರ್ತಿ ಜಲ್ಲಿಪುಡಿ ತುಂಬಿತ್ತು. ಊರಿನ ಹಿರಿಯರೊಬ್ರು ನೋಡ್ತಾ ನಿಂತಿದ್ದವ್ರು ಹೌದಲ್ಲಾ ಈ ಕಾಲುವೆ ಹಿಂದಿನ ತೋಡಿಗೆ ಹೋಗ್ತಿತ್ತು ಅಂತ ಕೋಲಲ್ಲಿ ದಾರಿ ತೋರಿಸಿದ್ರು, ಅವರು ತೋರಿಸಿದಲ್ಲೇ ಅಗೆದ್ವಿ, ಅಲ್ಲೂ ಸಿಕ್ತು. ನನಗಂತೂ ಏನು ಹೇಳ್ಬೇಕು ಗೊತ್ತಾಗ್ಲಿಲ್ಲ, 9 ಇಂಚು ಕೆಳಗಿದ್ದ ಕಾಲುವೆ ಮರೆತು ನಾವು ಕಟ್ಟಡವನ್ನೇ ಕೆಡವೋಕೆ ಹೊರಟಿದ್ವಿ.

ಈಗ ಮಾಡಿನ ಮರ ಹೇಗೆ ನೋಡೋದು, ಸುಣ್ಣದ ಗಾರೆ ಈಗ್ಲೂ ಮಾಡಿಸೋಕೆ ಆಗತ್ತಾ ಅದನ್ನ ಹೇಳಿ.

ಕಡಲತಡಿ:
ಖುಷಿ ಆಯ್ತು ಮಾರಾಯ್ರೆ. ಆ ಕಾಲುವೆ ಪೂರ್ತಿ ಬಿಡಿಸಿ, ಗೋಡೆಯಿಂದ ಮೂರಡಿ ಅಗಲಕ್ಕೆ ಇಂಟರ್‌ಲಾಕ್ ತೆಗೀರಿ, ಇಳಿಜಾರು ಹೊರಗೆ ಇರ್ಲಿ. ರ‍್ಯಾಂಪು ಕಾಲುವೆ ಮೇಲೆ ಹೋಗೋ ಕಡೆ ಮಾತ್ರ ಕಲ್ಲಿನ ಚಪ್ಪಡಿ ಮುಚ್ಚಿ.

ಮರ ನೋಡೋಕೆ ಒಂದು ದೊಡ್ಡ ಸ್ಕ್ರೂ ಡ್ರೈವರ್ ಸಾಕು. ಗೋಡೆ ಮೇಲೆ ಕೂತಿರೋ ಪಕಾಸಿನ (ಮಾಡು ಹೊರೋ ಇಳಿಜಾರಿನ ಮರ) ತುದಿಗೆ ಚುಚ್ಚಿ ನೋಡಿ, ಅರ್ಧ ಇಂಚು ಸಲೀಸಾಗಿ ಒಳಗೆ ಹೋದ್ರೆ ಅಲ್ಲಿ ಕುಂಬು. ಸುತ್ತಿಗೆಯಲ್ಲಿ ತಟ್ಟಿದ್ರೆ ಗಟ್ಟಿ ಮರ ಟಣ್ ಅನ್ನತ್ತೆ, ಗೆದ್ದಲು ತಿಂದಿದ್ದು ಡೊಬ್ ಅನ್ನತ್ತೆ. ನನ್ನ ಅನುಭವದಲ್ಲಿ ಇಂಥ ಶಾಲೆಗಳಲ್ಲಿ ಹಾಳಾಗಿರೋದು ತುದಿಯ ಎರಡಡಿ, ನಡು ಮರ ಕಲ್ಲಿನ ಹಾಗೆ ಇರತ್ತೆ. ಇಡೀ ಪಕಾಸು ಬದಲಾಯಿಸೋದು ಬೇಡ, ಕುಂಬಾದಷ್ಟು ಕೊಯ್ದು ಓರೆಗೆ ಓರೆ ಕೂರಿಸಿ ಹೊಸ ಮರ ಜೋಡಿಸಿ ಬೋಲ್ಟ್ ಹಾಕ್ಬಹುದು, ಒಳ್ಳೇ ಆಚಾರಿ ಬೇಕು ಅಷ್ಟೇ. ಜೋಡಿಸಿದ್ದಕ್ಕೆ ಗೇರುಬೀಜದ ಸಿಪ್ಪೆ ಎಣ್ಣೆ ಎರಡು ಕೋಟು ಹೊಡೀರಿ, ಗೆದ್ದಲಿಗೆ ನಮ್ಮ ಕಡೆ ಮೊದಲಿಂದ ಅದೇ ಮದ್ದು. ರೀಪು (ಹಂಚು ಕೂರೋ ಅಡ್ಡಪಟ್ಟಿ) ಮಾತ್ರ ಪೂರ್ತಿ ಹೊಸದು ಹಾಕ್ಬೇಕಾಗಬಹುದು.

ಹಂಚು ಇಳಿಸೋವಾಗ ಹಿಂದೆ ತಿರುಗಿಸಿ ನೋಡಿ, ಕಾರ್ಖಾನೆ ಹೆಸರು ಅಚ್ಚಾಗಿರತ್ತೆ. ಬಾಸೆಲ್ ಮಿಷನ್ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ, ಆ ಕಾಲದ ಹಂಚು ಈಗ್ಲೂ ಮಾಡಿನ ಮೇಲೆ ಇರೋ ಮನೆ ನಾನು ನೋಡಿದೀನಿ. ಪಾಚಿ ಉಜ್ಜಿ ತೊಳೆದು, ಬೆರಳ ಗೆಣ್ಣಲ್ಲಿ ತಟ್ಟಿ ನೋಡಿ, ಒಡಕು ದನಿ ಬಂದಿದ್ದು ಮಾತ್ರ ಬಿಸಾಕಿ. ಹಳೇ ಹಂಚಿನ ಜೊತೆ ಹೊಸ ಹಂಚು ಸರಿಯಾಗಿ ಕಚ್ಚಲ್ಲ, ಅಳತೆ ಕೂದಲೆಳೆ ವ್ಯತ್ಯಾಸ ಇರತ್ತೆ, ಅದಕ್ಕೇ ಹಳೇದೆಲ್ಲಾ ಒಂದು ಕಡೆಯ ಮಾಡಿಗೆ, ಹೊಸದೆಲ್ಲಾ ಇನ್ನೊಂದು ಕಡೆಗೆ ಹಾಕಿ.

ಸುಣ್ಣ: ಅವಸರ ಮಾಡಿದ್ರೆ ಕೆಡತ್ತೆ. ಗೋಡೆ ಒಣಗೋಕೆ ಸಾಮಾನ್ಯ ಲೆಕ್ಕ 1 ಇಂಚಿಗೆ 1 ತಿಂಗಳು. ನಿಮ್ಮದು 18 ಇಂಚಿನ ಗೋಡೆ ಇದ್ರೆ, ಎರಡೂ ಕಡೆಯಿಂದ ಒಣಗಿದ್ರೂ 9 ತಿಂಗಳು. ಈ ಬೇಸಿಗೆ ರಜೆಯಲ್ಲಿ ಮಾಡಿನ ಕೆಲಸ, ಕಾಲುವೆ ಮುಗಿಸಿ, ಸಿಮೆಂಟ್ ಪ್ಲಾಸ್ಟರ್ ಕೆತ್ತಿ ತೆಗ್ದು ಗೋಡೆ ಹಾಗೇ ಬಿಡಿ. ನೋಡೋಕೆ ಚೆನ್ನಾಗಿರಲ್ಲ, ಊರವರು ಬಯ್ತಾರೆ, ಬಯ್ಲಿ. ಕೆತ್ತೋವಾಗ ಮಷಿನ್ ಬೇಡ, ಉಳಿ ಸುತ್ತಿಗೆಯಲ್ಲೇ ತೆಗೀರಿ, ಇಲ್ಲಾಂದ್ರೆ ಸಿಮೆಂಟಿನ ಜೊತೆ ಕಲ್ಲಿನ ಮುಖಾನೂ ಬರತ್ತೆ. ಹೊರಗಡೆಗೆ ಪ್ಲಾಸ್ಟರ್ ಬೇಕೇ ಬೇಕು ಅಂತಿಲ್ಲ, ಈ ಕಲ್ಲು ಗಾಳಿಗೆ ಬಿಟ್ಟಷ್ಟೂ ಗಟ್ಟಿ ಆಗತ್ತೆ, ಸಂದಿಗೆ ಮಾತ್ರ ಸುಣ್ಣದ ಗಾರೆ ತುಂಬಿ. ಒಳಗಿನ ಗಾರೆ ಮುಂದಿನ ಜನವರಿ ನಂತರ. ಸುಣ್ಣ ಈಗ್ಲೇ ಅರಳಿಸಿ ತೊಟ್ಟಿಯಲ್ಲಿ ನೀರಿನ ಕೆಳಗೆ ಕೊಳೆಯೋಕೆ ಬಿಡಿ, ಎಷ್ಟು ತಿಂಗಳು ಕೊಳೆಯತ್ತೋ ಅಷ್ಟು ಬೆಣ್ಣೆ ಹಾಗೆ ಆಗತ್ತೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಮರಳಲ್ಲಿ ಸ್ವಲ್ಪ ಭಾಗ ಇಟ್ಟಿಗೆ ಪುಡಿ. ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ಸೇರಿಸ್ತಾರೆ, ನಮ್ಮ ಮೇಸ್ತ್ರಿ ಅದಿಲ್ಲದೆ ಕೈಯೇ ಹಾಕಲ್ಲ. ಅರ್ಧ ಇಂಚಿಗಿಂತ ದಪ್ಪ ಒಂದೇ ಸಲ ಬಳೀಬೇಡಿ, ಬಳಿದ ಮೇಲೆ ಒದ್ದೆ ಗೋಣಿ ಕಟ್ಟಿ ನಿಧಾನ ಒಣಗ್ಲಿ. ಮೇಲೆ ಬರೀ ಸುಣ್ಣ ಹೊಡೀರಿ, ಯಾವ ಕಾರಣಕ್ಕೂ ಪ್ಲಾಸ್ಟಿಕ್ ಪೇಂಟು ಬೇಡ.

ನಕ್ಷೆ_ಪೆನ್ಸಿಲ್:
ಬೆಂಗಳೂರಲ್ಲಿ ಆರ್ಕಿಟೆಕ್ಟ್, ಊರು ತೀರ್ಥಹಳ್ಳಿ ಕಡೆ. ಕೆಲಸದ ವಿಷಯ ಎಲ್ರೂ ಚೆನ್ನಾಗಿ ಹೇಳಿದಾರೆ, ನಾನು ಕಾಗದದ ವಿಷಯ ಮತ್ತೆ ಪ್ಲ್ಯಾನಿನ ವಿಷಯ ಹೇಳ್ತೀನಿ.

ಕಟ್ಟಡ ಸರ್ಕಾರದ್ದು, ಊರವರ ದುಡ್ಡಿದ್ರೂ ಬರಹದಲ್ಲಿ ಅನುಮತಿ ಇಲ್ಲದೆ ಒಂದು ಹಂಚೂ ಇಳಿಸ್ಬೇಡಿ. ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಶಿಥಿಲ ಅಂತ ಬಾಯಲ್ಲಿ ಹೇಳಿದ್ರೆ ಅದು ವರದಿ ಅಲ್ಲ. ಯಾವ ಗೋಡೆ, ಎಷ್ಟು ಬಿರುಕು, ಯಾವ ಪಕಾಸು, ರಿಪೇರಿಗೆ ಎಷ್ಟು, ಹೊಸದಕ್ಕೆ ಎಷ್ಟು ಅಂತ ಬರಹದಲ್ಲಿ ಕೇಳಿ, ಜೊತೆಗೆ ಹಳೇ ಕಟ್ಟಡದ ಅನುಭವ ಇರೋ ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ನೀವೇ ಒಂದು ವರದಿ ಮಾಡಿಸಿ. ಎಸ್ಟಿಮೇಟ್ ಬರೆಯೋರಿಗೆ ಸಿಮೆಂಟಿನ ಐಟಂ ಕೈಗೆ ರೂಢಿ, ಸುಣ್ಣದ ಗಾರೆ, ಮರದ ಜೋಡಣೆ ಅಂತ ನೀವೇ ಬಿಡಿಸಿ ಬರ್ಕೊಟ್ರೆ ಮಾತ್ರ ಅದು ಒಳಗೆ ಬರತ್ತೆ.

ಊರಲ್ಲಿ ವಾದ ಬಂದಾಗ ಹೇಳೋಕೆ ಎರಡು ಉದಾಹರಣೆ. ಬೆಂಗಳೂರಲ್ಲಿ ನಮ್ಮ ಹೈಕೋರ್ಟ್ ಕೂತಿರೋ ಅಠಾರಾ ಕಚೇರಿ 1860ರ ದಶಕದ್ದು, ಅದನ್ನೂ ಒಂದು ಕಾಲದಲ್ಲಿ ಕೆಡವೋಕೆ ಹೊರಟಿದ್ರು, ಜನ ಎದುರು ನಿಂತದ್ದಕ್ಕೆ ಉಳೀತು, ಇವತ್ತಿಗೂ ಅಲ್ಲಿ ಕೋರ್ಟು ನಡೀತಿದೆ. ಇನ್ನೊಂದು ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್, 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಆಯ್ತು. ಅಲ್ಲಿ ಹಳೇ ಬಂಗಲೆಗೆ ಆಗದ ಕೆಲಸಗಳಿಗೆ ಪಕ್ಕದಲ್ಲಿ ಹೊಸ ಕಟ್ಟಡ ಸೇರಿಸಿದ್ರು, ಹಳೇದರ ಹೊಟ್ಟೆ ಬಗೀಲಿಲ್ಲ. ನಿಮ್ಮ ಶಾಲೆಗೂ ಅದೇ ಯೋಚನೆ ಸರಿ ಅನ್ಸತ್ತೆ. 4 ರೂಮು ಪಾಠಕ್ಕೆ ಉಳೀಲಿ, ನೀರು ಬಳಸೋದೆಲ್ಲಾ, ಅಂದ್ರೆ ಶೌಚಾಲಯ, ಕೈ ತೊಳೆಯೋ ಜಾಗ, ಅಡುಗೆಕೋಣೆ ಹಳೇ ಗೋಡೆಗೆ ಅಂಟಿಸದೆ ಹತ್ತಡಿ ದೂರ ಬೇರೆ ಇರ್ಲಿ, ನಡುವೆ ಮಾಡು ಹಾಕಿದ ಓಣಿ. ಆ ಹೊಸ ಗೋಡೆಗೆ ನಿಮ್ಮೂರ ಮಣ್ಣಲ್ಲೇ ಒತ್ತಿದ ಬ್ಲಾಕ್ ನೋಡಿ, ಬೆಂಗಳೂರಿನ ಐಐಎಸ್‌ಸಿಯ ಅಸ್ತ್ರ ಕೇಂದ್ರ (ಹಳ್ಳಿಗೆ ಬೇಕಾದ ತಂತ್ರಜ್ಞಾನದ ಕೇಂದ್ರ) 1974ರಲ್ಲಿ ಶುರುವಾದಾಗಿಂದ ಇದರ ಮೇಲೆ ಕೆಲಸ ಆಗಿದೆ, ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಸಾಕು, ಸುಡೋ ಸೌದೆ ಬೇಡ. ಮಳೆ ಜೋರಿರೋ ಕಡೆ ಸೂರು ಮೂರಡಿ ಹೊರಗೆ ಚಾಚಿರ್ಲಿ.

ಲೆಕ್ಕದ_ಗೋಡೆ:
ಒಂದು ಸೇರಿಸ್ತೀನಿ. ಮಾಡು ಹೇಗೂ ಬಿಚ್ಚತೀರಲ್ಲ, ಆಗ ಗೋಡೆ ತಲೆ ಮೇಲೆ ಸುತ್ತ ಒಂದು ಪಟ್ಟಿ ಕಟ್ಟಿ ನಾಲ್ಕೂ ಗೋಡೆ ಹಿಡ್ಕೊಳ್ಳೋ ಹಾಗೆ ಮಾಡಬಹುದಾ ಅಂತ ವರದಿ ಮಾಡೋರಿಗೆ ಕೇಳಿ. ಮಾಡು ಮುಚ್ಚಿದ್ಮೇಲೆ ಅದು ಆಗಲ್ಲ. ಸಾಗರಕ್ಕೆ ಮುಂದಿನ ತಿಂಗಳು ಬರೋದಿದೆ, ಬರ್ತಾ ನಿಮ್ಮ ಶಾಲೆಗೆ ಬಂದು ಆ ಬಿರುಕು ನೋಡ್ತೀನಿ, ಫೀಸಿನ ಮಾತು ಬೇಡ.

ಜಗಲಿಕಟ್ಟೆ:
ಸರ್, ಖಂಡಿತಾ ಬನ್ನಿ, ಊಟಕ್ಕೆ ನಮ್ಮನೆಗೇ ಬರ್ಬೇಕು. ನಿನ್ನೆ ಸಭೆ ಆಯ್ತು. ಕೆಡವೋ ಮಾತು ಸದ್ಯಕ್ಕೆ ನಿಲ್ಲಿಸಿ ಬರಹದಲ್ಲಿ ವರದಿ ಕೇಳೋದು ಅಂತ ನಿರ್ಣಯ ಬರೆದ್ವಿ, ಇಬ್ಬರು ಒಪ್ಪಲಿಲ್ಲ, ಅವರ ಮಾತೂ ಬರ್ಕೊಂಡಿದೀವಿ. ಶೌಚಾಲಯದ ಪೈಪು ಹಾಕಿ ಆಯ್ತು ಮೇಡಂ, ನೀರು ಬರ್ತಿದೆ. ಕೊನೇ ರೂಮಿಗೆ ಬೀಗ ಹಾಕಿ ಆ ಮಕ್ಕಳನ್ನ ಸಮುದಾಯ ಭವನಕ್ಕೆ ಕಳಿಸಿದೀವಿ. ಬಿರುಕಿಗೆ ಮೂರು ಕಡೆ ಗಾಜು ಅಂಟಿಸಿ ಮಗಳ ಕೈಯಲ್ಲೇ ತಾರೀಕು ಬರೆಸಿದೆ.

ಕಡಲತಡಿ ಅಣ್ಣ, ಕರಾವಳಿ ಚಿಪ್ಪಿನ ಸುಣ್ಣ ತರಿಸೋದಾ, ಇಲ್ಲಾ ಕಲ್ಲಿನ ಸುಣ್ಣ ಸಾಕಾ? ತೊಟ್ಟಿ ಈ ವಾರ ತೆಗೆಸ್ತೀನಿ.

ಕಡಲತಡಿ:
ಒಳಗಿನ ಕೊನೇ ಕೋಟಿಗೆ ಚಿಪ್ಪಿಂದು, ನುಣುಪು ಚೆನ್ನಾಗಿ ಬರತ್ತೆ. ಅಡಿ ಕೋಟಿಗೆ ಕಲ್ಲಿಂದೇ ಸಾಕು. ತೊಟ್ಟಿಗೆ ಗಟ್ಟಿ ಮುಚ್ಚಳ ಮಾಡಿಸಿ, ಬೀಗ ಹಾಕಿ, ಮಕ್ಕಳು ಓಡಾಡೋ ಜಾಗ. ಅರಳಿಸೋವಾಗ ಕುದಿಯತ್ತೆ, ಕಣ್ಣಿಗೆ ಸಿಡಿದ್ರೆ ಕಷ್ಟ, ಶಾಲೆಗೆ ರಜೆ ಇರೋ ದಿನವೇ ಮಾಡಿ.